ಬರೆಯುವ ಕೈ, ತೆರುವ ಕೈ: ಔಷಧದ ಬೆಲೆಯ ಶಾಸನಗಳ ಒಂದು ವಿಮರ್ಶೆ

ಬೆಂಗಳೂರು ದಂಡಿನ ಪ್ರದೇಶದಲ್ಲಿ, ಹಲಸೂರಿಗೆ ಹೊಂದಿಕೊಂಡಂತೆ, ಮರ್ಫಿ ಟೌನ್ ಎಂಬ ಬಡಾವಣೆಯಿದೆ. ಮೊದಲು ನಾಕ್ಸ್‌ಪೇಟೆ ಎನಿಸಿಕೊಂಡಿದ್ದ ಈ ಭಾಗಕ್ಕೆ, ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಇಂಜಿನಿಯರಾಗಿದ್ದ ಮರ್ಫಿಯವರ ಹೆಸರು ಬಂದಿತು. 1898ರ ಪ್ಲೇಗು ಪೇಟೆ, ದಂಡುಗಳೆರಡನ್ನೂ ನಡುಗಿಸಿದ ತರುವಾಯ, ಇಕ್ಕಟ್ಟಾದ ವಸತಿಯೇ ರೋಗದ ನೆಲೆಯೆಂಬ ಅರಿವು ಆಡಳಿತಕ್ಕೆ ಉಂಟಾಯಿತು. ಮುಂದಿನ ದಶಕಗಳಲ್ಲಿ ಶ್ರಮಜೀವಿಗಳಿಗಾಗಿ ಇಲ್ಲಿ ಯೋಜಿತವಾದ ಮನೆಗಳ ಸಾಲುಗಳು ಎದ್ದವು. ಆ ಕಾಲಕ್ಕೆ ಆರೋಗ್ಯವೆಂಬುದು ಚರಂಡಿ, ಕಿಟಕಿ, ಬೀದಿಯ ಅಗಲ ಇವುಗಳ ಪ್ರಶ್ನೆಯಾಗಿತ್ತು. ಇಂದು ಅದೇ ಬೀದಿಗಳಲ್ಲಿ ಅದು ಔಷಧದ ಅಂಗಡಿಯ ಮುಂದಿನ ಪ್ರಶ್ನೆಯಾಗಿದೆ. ಅಂಗಡಿಯವನು ಚೀಟಿ ನೋಡಿ ಮೊತ್ತ ಹೇಳುತ್ತಾನೆ. ಬಂದವರು ತುಸುಹೊತ್ತು ಸುಮ್ಮನಿದ್ದು, ‘ಎರಡು ದಿವಸದ್ದು ಕೊಡಿ, ಮಿಕ್ಕಿದ್ದು ಆಮೇಲೆ ನೋಡೋಣ’ ಎನ್ನುತ್ತಾರೆ. ಈ ಮಾತನ್ನು ನಾವು ಹಲವು ಬಾರಿ ಕೇಳಿದ್ದೇವೆ. ಪ್ರಸ್ತುತ ಲೇಖನಕ್ಕೆ ಅದೇ ಪ್ರೇರಣೆ.

ಐದು ದಿನದ ಔಷಧವನ್ನು ಎರಡು ದಿನಕ್ಕೆ ಇಳಿಸಿದವರು ಅಜ್ಞಾನಿಗಳಲ್ಲ. ಆ ವ್ಯವಹಾರದಲ್ಲಿ ಅವರಿಗೆ ಉಳಿದಿರುವ ಒಂದೇ ಒಂದು ಆಯ್ಕೆಯನ್ನು ಅವರು ಬಳಸಿಕೊಂಡಿದ್ದಾರೆ, ಅಷ್ಟೆ. ಯಾವ ಔಷಧ, ಯಾವ ಕಂಪನಿಯದು, ಎಷ್ಟು ದಿನ ಎಂಬುದನ್ನು ನಿರ್ಣಯಿಸಿದವರು ವೈದ್ಯರು. ಬರೆಯುವ ಕೈ ಒಂದು, ತೆರುವ ಕೈ ಇನ್ನೊಂದು. ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ 1963ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ಈ ವಿಲಕ್ಷಣತೆಯನ್ನು ಶಾಸ್ತ್ರೀಯವಾಗಿ ವಿವೇಚಿಸಿದರು. ಅಕ್ಕಿಯನ್ನು ಕೊಳ್ಳುವವನಿಗೆ ಅಕ್ಕಿಯ ಗುಣ ತಿಳಿದಿರುತ್ತದೆ. ಚಿಕಿತ್ಸೆಯನ್ನು ಕೊಳ್ಳುವವನಿಗೆ ಅದರ ಗುಣ ಮೊದಲೇ ತಿಳಿಯುವುದಿಲ್ಲ. ಆದ್ದರಿಂದ ಇತರ ಪೇಟೆಗಳಲ್ಲಿ ಬೆಲೆ ಮಾಡುವ ಕೆಲಸವನ್ನು ಇಲ್ಲಿ ನಂಬಿಕೆ ಮಾಡಬೇಕಾಗುತ್ತದೆ ಎಂಬುದು ಆ ವಿವೇಚನೆಯ ತಿರುಳು. ಈ ತಿರುಳನ್ನು ಒರೆಗಲ್ಲಾಗಿ ಹಿಡಿದು ನಮ್ಮ ದೇಶದ ಹಾಗೂ ನಾಡಿನ ಕೆಲವು ಶಾಸನಗಳನ್ನು ಪರೀಕ್ಷಿಸುವುದು ನಮ್ಮ ಉದ್ದೇಶ.

ಮೊದಲನೆಯದಾಗಿ ಪೇಟೆಂಟಿನ ವಿಷಯ. ಬ್ರಿಟಿಷರ ಕಾಲದ 1911ರ ಕಾಯಿದೆ ಸ್ವಾತಂತ್ರ್ಯಾನಂತರವೂ ಜಾರಿಯಲ್ಲಿತ್ತು. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರರು 1959ರಲ್ಲಿ ಒಪ್ಪಿಸಿದ ವರದಿ ಆ ಪದ್ಧತಿಯಿಂದ ದೇಶಕ್ಕೆ ಆಗುತ್ತಿದ್ದ ನಷ್ಟವನ್ನು ಎತ್ತಿ ತೋರಿಸಿತು. ಕೆಲವು ಜೀವಿರೋಧಕ ಔಷಧಗಳ ಬೆಲೆ ಜಗತ್ತಿನಲ್ಲಿಯೇ ಅತ್ಯಧಿಕವಾಗಿದ್ದ ದೇಶಗಳಲ್ಲಿ ಭಾರತವೂ ಒಂದೆಂಬುದನ್ನು ಅಮೆರಿಕದ ಸೆನೆಟರ್ ಕೆಫಾವರರ ಸಮಿತಿಯೇ ಆ ಕಾಲದಲ್ಲಿ ಗುರುತಿಸಿತು. ಬಡ ದೇಶದಲ್ಲಿ ಹೆಚ್ಚಿನ ಬೆಲೆ! ಇದರ ಫಲವಾಗಿ ಬಂದ 1970ರ ಕಾಯಿದೆ ಔಷಧವೆಂಬ ವಸ್ತುವಿಗೆ ಪೇಟೆಂಟನ್ನು ನಿರಾಕರಿಸಿ, ತಯಾರಿಕೆಯ ವಿಧಾನಕ್ಕೆ ಮಾತ್ರ ಅದನ್ನು ಉಳಿಸಿತು. ವಿಶ್ವ ವ್ಯಾಪಾರ ಸಂಘಟನೆಯ ಒಪ್ಪಂದಕ್ಕೆ ಅನುಸಾರವಾಗಿ 2005ರಲ್ಲಿ ವಸ್ತುವಿನ ಪೇಟೆಂಟು ಮರಳಿ ಬಂದಿತು.

ಹೊಸ ಔಷಧವನ್ನು ಶೋಧಿಸುವವನಿಗೆ ಪ್ರತಿಫಲವಿರದಿದ್ದರೆ ಶೋಧನೆಯೇ ನಿಂತೀತು ಎಂಬ ವಾದವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಸಾವಿರ ಪ್ರಯತ್ನಗಳು ಸೋತು ಒಂದು ಗೆಲ್ಲುವ ವಿದ್ಯೆ ಅದು. ಸೋತವುಗಳ ವೆಚ್ಚವನ್ನೂ ಗೆದ್ದುದೇ ಹೊರಬೇಕು. ಆದರೆ ಪ್ರತಿಫಲ ಎಷ್ಟಿರಬೇಕು ಎಂಬುದಕ್ಕೆ ಈ ವಾದದಲ್ಲಿ ಉತ್ತರವಿಲ್ಲ. 2012ರಲ್ಲಿ ಕ್ಯಾನ್ಸರಿನ ಸೊರಾಫೆನಿಬ್ ಎಂಬ ಔಷಧಕ್ಕೆ ನಮ್ಮ ದೇಶದ ಮೊದಲ ಕಡ್ಡಾಯ ಪರವಾನಗಿ ದೊರೆತಾಗ, ತಿಂಗಳಿಗೆ ಸುಮಾರು 2,80,000 ರೂಪಾಯಿಯಿದ್ದ ಚಿಕಿತ್ಸೆ 8,800 ರೂಪಾಯಿಗೆ ಇಳಿಯಿತು. ಎರಡು ಅಂಕಿಗಳ ನಡುವಿನ ಅಂತರವೆಲ್ಲವೂ ಶೋಧನೆಯ ವೆಚ್ಚವೆಂದು ಒಪ್ಪುವುದು ಕಷ್ಟ. ಇನ್ನು, ಶೋಧನೆಯೆಂದರೆ ಹೊಸ ವಸ್ತುವೊಂದೇ ಅಲ್ಲ. ಬೆಂಗಳೂರಿನಲ್ಲಿ 1978ರಲ್ಲಿ ಆರಂಭವಾದ ಬಯೋಕಾನ್ ಸಂಸ್ಥೆ ಒಂದು ಬಗೆಯ ಯೀಸ್ಟಿನಿಂದ ಮಾನವ ಇನ್ಸುಲಿನ್ನನ್ನು ತಯಾರಿಸಿ 2004ರಲ್ಲಿ ಮಾರುಕಟ್ಟೆಗೆ ತಂದಿತು. ಹಳೆಯ ವಸ್ತುವಿಗೆ ಹೊಸ ವಿಧಾನವನ್ನು ಕಂಡುಕೊಳ್ಳುವುದೂ ಶೋಧನೆಯೇ.

ಎರಡನೆಯದಾಗಿ ಬೆಲೆ ನಿಯಂತ್ರಣದ ವಿಷಯ. ನಮ್ಮ ಮುಖ್ಯ ಆಕ್ಷೇಪ ಇರುವುದು ಇಲ್ಲಿ. 1995ರ ಔಷಧ ಬೆಲೆ ನಿಯಂತ್ರಣ ಆದೇಶ ತಯಾರಿಕೆಯ ವೆಚ್ಚವನ್ನು ಲೆಕ್ಕಹಾಕಿ, ಅದರ ಮೇಲೆ ಮಿತಿಯೊಂದನ್ನು ಹಾಕುತ್ತಿತ್ತು. 2013ರ ಆದೇಶ ಈ ಮಾರ್ಗವನ್ನು ಬಿಟ್ಟಿತು. ಅವಶ್ಯಕ ಔಷಧಗಳ ಪಟ್ಟಿಯಲ್ಲಿರುವ ಒಂದೊಂದಕ್ಕೂ, ಮಾರಾಟದಲ್ಲಿ ಶೇಕಡಾ 1 ಅಥವಾ ಅದಕ್ಕಿಂತ ಹೆಚ್ಚಿನ ಪಾಲು ಪಡೆದ ಎಲ್ಲ ತಯಾರಿಕೆಗಳ ಬೆಲೆಯ ಸರಾಸರಿಯನ್ನು ತೆಗೆದು, ಅಂಗಡಿಯವನ ಪಾಲೆಂದು ಶೇಕಡಾ 16ನ್ನು ಕೂಡಿಸಿ, ಅದನ್ನೇ ಗರಿಷ್ಠ ಬೆಲೆಯೆಂದು ಸಾರಿತು. ಪೇಟೆ ಒಪ್ಪಿದ ಬೆಲೆ ನ್ಯಾಯವಾದ ಬೆಲೆಗೆ ಹತ್ತಿರವಿರುತ್ತದೆ ಎಂಬ ನಂಬಿಕೆಯೇ ಈ ಲೆಕ್ಕದ ತಳಹದಿ. ಆದರೆ ಇಲ್ಲಿ ಒಪ್ಪಿದವರು ಯಾರು? ಒಂದು ತಯಾರಿಕೆ ಹೆಚ್ಚು ಮಾರಾಟವಾಯಿತೆಂದರೆ ಅದನ್ನು ವೈದ್ಯರು ಹೆಚ್ಚಾಗಿ ಬರೆದರೆಂದು ಅರ್ಥವೇ ಹೊರತು, ರೋಗಿಗಳು ಬೆಲೆಗಳನ್ನು ತೂಗಿನೋಡಿ ಆರಿಸಿದರೆಂದಲ್ಲ. ತೆರುವವನ ಒಪ್ಪಿಗೆಯಿಲ್ಲದೆ ಹುಟ್ಟಿದ ಬೆಲೆಯ ಸರಾಸರಿ, ಎಷ್ಟು ಸೂಕ್ಷ್ಮವಾಗಿ ಗುಣಿಸಿದರೂ, ಒಪ್ಪಿಗೆಯಾಗಲಾರದು.

ಸರ್ಕಾರಕ್ಕೆ ಈ ಸತ್ಯ ತಿಳಿಯದೆ ಇಲ್ಲ. ಹೃದಯದ ರಕ್ತನಾಳವನ್ನು ತೆರೆದಿಡುವ ಸ್ಟೆಂಟಿಗೆ 2017ರ ಫೆಬ್ರವರಿಯಲ್ಲಿ ಮಿತಿ ವಿಧಿಸಿದಾಗ ಔಷಧಲೇಪಿತ ಸ್ಟೆಂಟಿನ ಬೆಲೆ 29,600 ರೂಪಾಯಿಗೆ ನಿಂತಿತು. ಅದಕ್ಕೆ ಮೊದಲು ಅದು ಲಕ್ಷ ರೂಪಾಯಿಗೂ ಮೀರಿ ಮಾರಾಟವಾಗುತ್ತಿತ್ತು. ಮೇಜಿನ ಮೇಲೆ ಮಲಗಿದ ರೋಗಿ ಚೌಕಾಸಿ ಮಾಡಲಾರನೆಂಬುದು ಆಗ ಎಲ್ಲರಿಗೂ ಕಂಡಿತು. ಚೀಟಿ ಹಿಡಿದು ನಿಂತವನೂ ಚೌಕಾಸಿ ಮಾಡಲಾರನೆಂಬುದು ಮಾತ್ರ ಇನ್ನೂ ಕಾಣದಂತಿದೆ.

ಮೂರನೆಯದು ವೈದ್ಯ ಮತ್ತು ರೋಗಿಗಳ ಸಂಬಂಧ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯಿದೆಗೆ 2017ರಲ್ಲಿ ತಿದ್ದುಪಡಿ ತರಲು ಸರ್ಕಾರ ಮುಂದಾದಾಗ ನಡೆದುದು ನಮ್ಮ ಓದುಗರಿಗೆ ನೆನಪಿರಬಹುದು. ಚಿಕಿತ್ಸೆಯ ದರವನ್ನು ಸರ್ಕಾರ ಗೊತ್ತುಪಡಿಸುವುದು, ತಪ್ಪಿಗೆ ಸೆರೆವಾಸ ವಿಧಿಸುವುದು, ಇವು ಮಸೂದೆಯಲ್ಲಿದ್ದವು. ಆ ವರ್ಷದ ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಹೊರರೋಗಿಗಳ ವಿಭಾಗಗಳು ಮುಚ್ಚಿದವು. ಕೊನೆಗೆ ಮಸೂದೆ ಬಹುಮಟ್ಟಿಗೆ ಸಡಿಲಗೊಂಡು ಅಂಗೀಕೃತವಾಯಿತು. ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಸಮಿತಿ ಸರ್ಕಾರಿ ಆಸ್ಪತ್ರೆಗಳನ್ನೂ ಅದೇ ಕಟ್ಟಳೆಯೊಳಗೆ ತರಬೇಕೆಂದು ಹೇಳಿದ್ದರೂ ಸರ್ಕಾರ ಅವನ್ನು ಹೊರಗಿಟ್ಟಿತು. ಈ ಪ್ರಕರಣದಲ್ಲಿ ಎರಡು ಪಕ್ಷಗಳೂ ಅರ್ಧ ಸತ್ಯವನ್ನು ಹಿಡಿದಿದ್ದವು ಎಂದು ನಮಗೆ ತೋರುತ್ತದೆ. ಸೆರೆಮನೆಯ ಭಯದಿಂದ ನಂಬಿಕೆ ಹುಟ್ಟುವುದಿಲ್ಲವೆಂದ ವೈದ್ಯರ ಮಾತು ನಿಜ. ಆದರೆ ನಂಬಿಕೆಯ ಹೆಸರಿನಲ್ಲಿ ಲೆಕ್ಕವನ್ನು ತೋರಿಸದಿರುವುದೂ ಸಲ್ಲದು. ತನಗೆ ಅನ್ವಯಿಸದ ಕಟ್ಟಳೆಯನ್ನು ಇತರರಿಗೆ ವಿಧಿಸಹೊರಟ ಸರ್ಕಾರದ ನಡೆಯಂತೂ ನೈತಿಕ ಬಲವನ್ನು ಕಳೆದುಕೊಂಡಿತ್ತು.

2023ರಲ್ಲಿ ಇದೇ ಪಾಠ ಮತ್ತೊಮ್ಮೆ ಎದುರಾಯಿತು. ಕಂಪನಿಯ ಹೆಸರನ್ನು ಬಿಟ್ಟು ಔಷಧದ ಮೂಲನಾಮವನ್ನೇ ಬರೆಯಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಆಗಸ್ಟಿನಲ್ಲಿ ನಿಯಮ ಮಾಡಿ, ಅದೇ ತಿಂಗಳಲ್ಲಿ ಅದನ್ನು ತಡೆಹಿಡಿಯಿತು. ಅಗ್ಗದ ಔಷಧದ ಗುಣಕ್ಕೆ ಹೊಣೆ ಯಾರು ಎಂಬ ವೈದ್ಯರ ಪ್ರಶ್ನೆಯನ್ನು ಕೇವಲ ಸ್ವಾರ್ಥವೆಂದು ತಳ್ಳಿಹಾಕುವಂತಿಲ್ಲ. ವೈದ್ಯರು ಹೆಸರು ಬರೆಯದಿದ್ದರೆ ಆಯ್ಕೆ ರೋಗಿಗೆ ಬರುವುದಿಲ್ಲ, ಅಂಗಡಿಯವನಿಗೆ ಹೋಗುತ್ತದೆ; ಬರೆಯುವ ಕೈ ಬದಲಾಯಿತೇ ಹೊರತು ತೆರುವ ಕೈಗೆ ಬಲ ಬರಲಿಲ್ಲ.

ಮೇಲಿನ ವಿಮರ್ಶೆಯಿಂದ ಫಲಿಸುವುದಿಷ್ಟು. ನಮ್ಮ ಶಾಸನಗಳು ಬೆಲೆಯನ್ನು ಒಂದು ಕಡೆ, ನಂಬಿಕೆಯನ್ನು ಇನ್ನೊಂದು ಕಡೆ ಇಟ್ಟು ನೋಡುತ್ತ ಬಂದಿವೆ. ಆದರೆ ಔಷಧದ ಪೇಟೆಯಲ್ಲಿ ಇವೆರಡೂ ಒಂದೇ ನಾಣ್ಯದ ಎರಡು ಮುಖಗಳು. ಬೆಲೆಯನ್ನು ಕಟ್ಟಳೆಗೆ ತರುವ ಸರ್ಕಾರ, ಆ ಬೆಲೆಗೆ ದೊರೆಯುವ ಔಷಧದ ಗುಣಕ್ಕೂ ತಾನೇ ಜಾಮೀನು ನಿಲ್ಲಬೇಕು. ಪ್ರತಿಯೊಂದು ತಂಡದ ಮಾತ್ರೆಯೂ ಪರೀಕ್ಷೆಯಾಗಿದೆಯೆಂಬ ಭರವಸೆ ಬಡಾವಣೆಯ ಅಂಗಡಿಯವರೆಗೆ ತಲುಪಬೇಕು. ಮರ್ಫಿ ಟೌನಿನ ಮನೆಗಳನ್ನು ಕಟ್ಟಿಸಿದ ಆಡಳಿತ ಪರಕೀಯವಾಗಿತ್ತು. ಅದರ ದೋಷಗಳು ಹಲವು. ಆದರೂ ಗಾಳಿ ಬರುವ ಕಿಟಕಿಯನ್ನು ಅದು ನಿವಾಸಿಯ ಆಯ್ಕೆಗೆ ಬಿಡಲಿಲ್ಲ. ಐದು ದಿನದ ಔಷಧವನ್ನು ಎರಡು ದಿನಕ್ಕೆ ಇಳಿಸುವ ಆಯ್ಕೆಯನ್ನು ಇಂದಿನ ನಮ್ಮ ಸ್ವಂತ ಸರ್ಕಾರಗಳು ಅದೇ ನಿವಾಸಿಯ ಮೊಮ್ಮಕ್ಕಳಿಗೆ ಬಿಟ್ಟಿವೆ. ಚರಿತ್ರೆಯ ವಿದ್ಯಾರ್ಥಿಗಳು ಗೆಜೆಟ್ಟುಗಳ ಜೊತೆಗೆ ಈ ಚೀಟಿಗಳನ್ನೂ ಆಕರಗಳೆಂದು ಓದಲು ಕಲಿಯಬೇಕೆಂಬುದು ನಮ್ಮ ವಿನಂತಿ.