ಸೀನುವ ಆನೆಗೆ ಕ್ಲಾಸಿಕ್ ಪಟ್ಟವೇ?

ಅಶೋಕ್ ರಾಜಗೋಪಾಲನ್ ತಾವೇ ಬರೆದು ಚಿತ್ರ ಬಿಡಿಸಿದ ‘ಗಜಪತಿ ಕುಲಪತಿ’ಯನ್ನು ಚೆನ್ನೈನ ತೂಲಿಕಾ ಪ್ರಕಾಶನ 2010ರಲ್ಲಿ ಹೊರತಂದಿತು. ಕನ್ನಡದಲ್ಲೂ ಬಂತು. ಕಥೆ ಇಷ್ಟೇ: ಊರಿಗೆಲ್ಲ ಅಚ್ಚುಮೆಚ್ಚಿನ ಆನೆಗೆ ನೆಗಡಿಯಾಗುತ್ತದೆ, ಅದು ಸೀನಿದರೆ ಎದುರಿಗಿದ್ದವರು ಉರುಳಿ ಬೀಳುತ್ತಾರೆ. ಮೆಚ್ಚಿದವರು ಇದನ್ನು ಆಗಲೇ ಕ್ಲಾಸಿಕ್ ಎನ್ನತೊಡಗಿದ್ದಾರೆ. ಆ ಮಾತನ್ನು ಒರೆಗೆ ಹಚ್ಚಲು ಕೊಡಗಿಗಿಂತ ತಕ್ಕ ಜಾಗ ಇರಲಾರದು.

ಸಿದ್ದಾಪುರ, ತಿತಿಮತಿ ಕಡೆಯ ತೋಟ ಕಾರ್ಮಿಕರ ಲೈನ್ ಮನೆಯ ಮಗುವಿಗೆ ಆನೆ ಗೊತ್ತಿರುವುದು ಚಿತ್ರದಿಂದಲ್ಲ. ಹಲಸು ಹಣ್ಣಾಗುವ ಹೊತ್ತಿಗೆ ಹಿಂಡು ಕಾಫಿ ತೋಟದೊಳಗೇ ಬೀಡುಬಿಟ್ಟಿರುತ್ತದೆ. ಆ ದಾರಿಯಲ್ಲಿ ಹೋಗಬೇಡಿ ಎಂದು ದೊಡ್ಡವರ ಮೊಬೈಲಿಗೆ ಸಂದೇಶ ಬರುತ್ತದೆ. ಕಾಡಂಚಿನಲ್ಲಿ ಹಳೆಯ ರೈಲು ಹಳಿಗಳ ಬೇಲಿ. ಬೆಳಿಗ್ಗೆ ಕೆಲಸಕ್ಕೆ ಹೋದವರು ತಿರುಗಿ ಬಾರದ ಮನೆಗಳೂ ಇವೆ. ಅದೇ ಜಿಲ್ಲೆಯ ಮತ್ತಿಗೋಡು ಶಿಬಿರದ ಆನೆ ಅಭಿಮನ್ಯು 2020ರಿಂದ ಮೈಸೂರಿನಲ್ಲಿ ಚಿನ್ನದ ಅಂಬಾರಿ ಹೊತ್ತವನು; ಪುಂಡಾನೆ ಹಿಡಿಯಲು ಹೋಗುವವನೂ ಅವನೇ. ಇಂಥ ಮಗುವಿನ ಮುಂದೆ ಮುದ್ದು ಆನೆಯ ಪುಸ್ತಕ ಬಿಡಿಸಿದರೆ ಅದು ಸುಳ್ಳಾಗಿ ಕಾಣುವುದಿಲ್ಲವೇ?

ಕಾಣುವುದಿಲ್ಲ. ಪುಸ್ತಕದ ಗಟ್ಟಿತನ ಇರುವುದು ಇಲ್ಲಿಯೇ. ರಾಜಗೋಪಾಲನ್ ಆನೆಯನ್ನು ಚಿಕ್ಕದು ಮಾಡಿಲ್ಲ. ಅದಕ್ಕೆ ಯಾರ ಮೇಲೂ ಸಿಟ್ಟಿಲ್ಲ, ಆದರೂ ಜನ ಬೀಳುತ್ತಾರೆ. ಅಷ್ಟು ದೊಡ್ಡ ಮೈಯ ಪಕ್ಕ ಬದುಕುವುದೇ ಅಪಾಯ. ತೋಟದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀನು ಬರುತ್ತಿದೆ, ಬರುತ್ತಿದೆ ಎಂದು ಕಾಯಿಸುವ ರೀತಿಯೂ ಜಾಣತನದ್ದು. ಓದುವವರು ಉಸಿರು ಎಳೆದುಕೊಂಡರೆ ಸಾಕು, ಕೇಳುವವರೂ ಎಳೆದುಕೊಳ್ಳುತ್ತಾರೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ ಮಾತಾಡುವ ಮಕ್ಕಳು ಒಂದೇ ಕೋಣೆಯಲ್ಲಿ ಕೂತಿದ್ದರೂ ಆ ಸೀನು ಎಲ್ಲರಿಗೂ ಒಂದೇ. (ಮೆಲುದನಿಯಲ್ಲಿ ಓದುವ ಮೇಷ್ಟ್ರು ಈ ಪುಸ್ತಕವನ್ನು ಮುಟ್ಟದಿರುವುದು ಒಳ್ಳೆಯದು.)

ನನ್ನ ತಕರಾರು ಬೇರೆ. ಈ ಆನೆ ಊರಿನದು. ಅದಕ್ಕೆ ಕಾಡೇ ಇಲ್ಲ. ಅದು ಎಲ್ಲಿಂದ ಬಂತು, ಬಿಟ್ಟರೆ ಎಲ್ಲಿಗೆ ಹೋಗುತ್ತಿತ್ತು ಎಂಬ ಯೋಚನೆ ಕಥೆಯ ಹತ್ತಿರವೂ ಸುಳಿಯುವುದಿಲ್ಲ. ಬಿದ್ದವರಲ್ಲಿ ಒಬ್ಬರಾದರೂ ಮರುದಿನ ಅದರ ಹತ್ತಿರ ಹೋಗಲು ಹಿಂಜರಿಯಬಾರದಿತ್ತೇ? ಮಡಿಕೇರಿಯ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದು, ಇದೇ ನಾಡಿಗೆ ‘ಹುತ್ತರಿ ಹಾಡು’ ಕೊಟ್ಟ ಪಂಜೆ ಮಂಗೇಶರಾಯರ (1874–1937) ‘ನಾಗರ ಹಾವೇ’ ಪದ್ಯವನ್ನು ನೆನೆಯಿರಿ. ಕೈಮುಗಿದು ಹಾವನ್ನು ಕರೆಯುವ ಮಗು ಕೊನೆಗೆ ಅದನ್ನು ಹೊರಗೆ ಕಳಿಸುತ್ತದೆ. ಭಕ್ತಿ, ಆಸೆ, ಹೆದರಿಕೆ ಮೂರೂ ಕೆಲವೇ ಸಾಲುಗಳಲ್ಲಿ ಒಟ್ಟಿಗೇ ಉಳಿಯುತ್ತವೆ, ಒಂದು ಇನ್ನೊಂದನ್ನು ಅಳಿಸುವುದಿಲ್ಲ. ‘ಗಜಪತಿ ಕುಲಪತಿ’ಯಲ್ಲಿ ಪ್ರೀತಿ ಬಂದು ಹೆದರಿಕೆಯನ್ನು ಪೂರ್ತಿ ಒರೆಸಿಹಾಕುತ್ತದೆ.

ಪಂಜೆಯವರ ಪದ್ಯವನ್ನು ಅಜ್ಜಿ ಮೊಮ್ಮಕ್ಕಳಿಗೆ ಪುಸ್ತಕ ನೋಡದೆ ಹೇಳಿಕೊಡುತ್ತಾಳೆ. 2010ರಲ್ಲಿ ಮಡಿಲಲ್ಲಿ ಕೂತು ಈ ಕಥೆ ಕೇಳಿದ ಮಗುವಿಗೆ ಇನ್ನೂ ಕಾಲೇಜು ವಯಸ್ಸು. ಹಾಗಾಗಿ ಕ್ಲಾಸಿಕ್ ಪಟ್ಟವನ್ನು ನಾನು ಸದ್ಯಕ್ಕೆ ತಡೆಹಿಡಿಯುತ್ತೇನೆ. ಆದರೆ ಕಾಫಿ ಕೊಯ್ಲಿನ ದಿನಗಳಲ್ಲಿ ತೋಟದ ಅಂಗನವಾಡಿಗೆ ಒಂದೇ ಚಿತ್ರಪುಸ್ತಕ ಒಯ್ಯಿ ಎಂದರೆ ಇದನ್ನೇ ಒಯ್ಯುತ್ತೇನೆ, ಅನುಮಾನವಿಲ್ಲ.