‘ರೋಗನಿರೋಧಕ ಶಕ್ತಿ’ ಎಂಬ ಮಾತು: ಒಂದು ವಿಮರ್ಶೆ

ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರೂ ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿದ 1918ನೆಯ ಇಸವಿಯಲ್ಲಿಯೇ ಇನ್‌ಫ್ಲುಯೆಂಜಾ ಜ್ವರವು ಮೈಸೂರು ಸಂಸ್ಥಾನವನ್ನು ಹೊಕ್ಕಿತು. ಲೋಕದ ಹಲವೆಡೆ ಆ ಜ್ವರವು ಶಿಶುಗಳನ್ನೂ ವೃದ್ಧರನ್ನೂ ಮಾತ್ರವಲ್ಲದೆ ದೃಢಕಾಯರಾದ ತರುಣರನ್ನೂ ಅಸಾಧಾರಣ ಸಂಖ್ಯೆಯಲ್ಲಿ ಬಲಿತೆಗೆದುಕೊಂಡಿತು. ಇದಕ್ಕೆ ವಿದ್ವಾಂಸರು ಹೇಳುವ ಕಾರಣಗಳು ಹಲವು. ಆದರೆ ಬಲವುಳ್ಳವನಿಗೆ ಭಯವಿಲ್ಲವೆಂಬ ಸರಳ ಸೂತ್ರ ಸಾಲದೆಂಬುದು ನಿರ್ವಿವಾದ. ಹೀಗಿದ್ದೂ 2020ರಲ್ಲಿ ಕೋವಿಡ್ ವ್ಯಾಧಿ ಹಬ್ಬಿದಾಗ ‘ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸಿಕೊಳ್ಳಿ’ ಎಂಬ ಉಪದೇಶವೇ ಕಷಾಯದ ಪೊಟ್ಟಣದಿಂದ ಪತ್ರಿಕೆಯ ಅಂಕಣದವರೆಗೆ ಎಲ್ಲೆಡೆಯೂ ಕೇಳಿಬಂದಿತು. ಈ ಮಾತು ಶಾಸ್ತ್ರಕ್ಕೆ ಎಷ್ಟರಮಟ್ಟಿಗೆ ಒಪ್ಪುತ್ತದೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

‘ಶಕ್ತಿ’ ಎಂದೊಡನೆ ಅದು ಒಂದೇ ವಸ್ತು, ಹೆಚ್ಚಿದಷ್ಟೂ ಲೇಸು ಎಂಬ ಭಾವನೆ ಮೂಡುತ್ತದೆ. ವಾಸ್ತವವು ಬೇರೆ. ವೈರಸ್ಸು ಶ್ವಾಸನಾಳದ ಜೀವಕಣವನ್ನು ಹೊಕ್ಕಾಗ ರಿಗ್-ಐ, ಎಂ.ಡಿ.ಎ. 5 ಮೊದಲಾದ ಗ್ರಾಹಕಗಳು ಅದರ ಆರ್.ಎನ್.ಎ.ಯನ್ನು ಗುರುತಿಸುತ್ತವೆ. ಅಲ್ಲಿಂದ ಹೊರಡುವ ಸಂಕೇತಗಳಿಗೆ ಎರಡು ಮುಖಗಳುಂಟು. ಒಂದರ ಫಲ, ಐಸಾಕ್ಸ್ ಮತ್ತು ಲಿಂಡೆನ್‌ಮನ್ ಅವರು 1957ರಲ್ಲಿ ವರದಿಮಾಡಿದ ಇಂಟರ್‌ಫೆರಾನ್. ಇದು ನೆರೆಯ ಜೀವಕಣಗಳಲ್ಲಿ ವೈರಸ್ಸಿನ ವೃದ್ಧಿಯನ್ನು ತಡೆಯುತ್ತದೆ. ಇನ್ನೊಂದರ ಫಲ, ಬಿಳಿಯ ರಕ್ತಕಣಗಳನ್ನು ಕರೆತರುವ ಉರಿಯೂತ. ಇದೂ ಅವಶ್ಯಕವೇ. ಆದರೆ ಮೊದಲನೆಯದು ತಡವಾಗಿ ಎರಡನೆಯದು ಮಿತಿಮೀರಿದರೆ, ಲೋಮನಾಳಗಳಿಂದ ದ್ರವವು ಸೋರಿ ಶ್ವಾಸಕೋಶದ ಗಾಳಿಗೂಡುಗಳನ್ನು ತುಂಬುತ್ತದೆ. ರೋಗಿಗೆ ಉಸಿರು ಕಟ್ಟುತ್ತದೆ.

ಚಿಕಿತ್ಸೆಯ ಪರೀಕ್ಷೆಗಳೂ ಇದನ್ನೇ ಸಮರ್ಥಿಸುತ್ತವೆ. 2020ರ ಒಂದು ಅಧ್ಯಯನದಲ್ಲಿ ಪ್ರಾಣಾಪಾಯದ ಸ್ಥಿತಿಯಲ್ಲಿದ್ದ 987 ಕೋವಿಡ್ ರೋಗಿಗಳ ಪೈಕಿ 101 ಮಂದಿಯಲ್ಲಿ ತಮ್ಮದೇ ಇಂಟರ್‌ಫೆರಾನನ್ನು ನಿಷ್ಫಲಗೊಳಿಸುವ ಪ್ರತಿಕಾಯಗಳು ಕಂಡುಬಂದವು. ಇಲ್ಲಿ ಕೊರತೆಯೇ ಕೇಡು. ಅದೇ ವರ್ಷ ಬ್ರಿಟನ್ನಿನ ‘ರಿಕವರಿ’ ಪರೀಕ್ಷೆಯಲ್ಲಿ, ಉರಿಯೂತವನ್ನು ಅಡಗಿಸುವ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡನ್ನು ಕೊಟ್ಟಾಗ, ಕೃತಕ ಉಸಿರಾಟದಲ್ಲಿದ್ದವರ ಮರಣ ಪ್ರಮಾಣ ಶೇಕಡ 41.4ರಿಂದ 29.3ಕ್ಕೆ ಇಳಿಯಿತು. ಆಮ್ಲಜನಕದ ಅಗತ್ಯವಿಲ್ಲದವರಿಗೆ ಮಾತ್ರ ಪ್ರಯೋಜನವೇನೂ ಕಾಣಲಿಲ್ಲ. ಒಂದೇ ಔಷಧವು ಒಂದು ಘಟ್ಟದಲ್ಲಿ ಪ್ರಾಣದಾಯಕ, ಇನ್ನೊಂದರಲ್ಲಿ ವ್ಯರ್ಥ. ಹಾಗಾದರೆ ಇಲ್ಲಿ ನಿರ್ಣಾಯಕವಾದುದು ‘ಶಕ್ತಿ’ಯ ಮೊತ್ತವಲ್ಲ, ಕಾಲ ಮತ್ತು ಪ್ರಮಾಣ.

ಇದು ಬರಿಯ ಪದವಿವಾದವೆಂದು ತಳ್ಳಿಹಾಕುವಂತಿಲ್ಲ. 2021ರಲ್ಲಿ ಕಪ್ಪು ಶಿಲೀಂಧ್ರ ರೋಗ ತಲೆದೋರಿದಾಗ ಅದರ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮೈಸೂರು ವೈದ್ಯಕೀಯ ಕಾಲೇಜೂ ಒಂದು. ಹತೋಟಿಯಲ್ಲಿಲ್ಲದ ಮಧುಮೇಹದೊಡನೆ ಸ್ಟೀರಾಯ್ಡಿನ ಮಿತಿಮೀರಿದ ಬಳಕೆಯೂ ಅದಕ್ಕೆ ಮುಖ್ಯ ಕಾರಣವೆಂದು ವೈದ್ಯರು ಎಚ್ಚರಿಸಿದರು. ರಕ್ಷಣೆಯನ್ನು ಹೊತ್ತಲ್ಲದ ಹೊತ್ತಿನಲ್ಲಿ ಅಡಗಿಸುವುದೂ ಅನರ್ಥವೇ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು: ಪುಷ್ಟಿಯಿಲ್ಲದ ದೇಹ ಬೇಗ ರೋಗಕ್ಕೆ ತುತ್ತಾಗುವುದಿಲ್ಲವೆ? ಲಸಿಕೆಯು ನಿರೋಧವನ್ನು ಹೆಚ್ಚಿಸುವುದಿಲ್ಲವೆ? ಎರಡೂ ನಿಜ. ಆದರೆ ಪುಷ್ಟಿಯು ಕೊರತೆಯನ್ನು ನೀಗುತ್ತದೆಯೇ ಹೊರತು ಇರುವುದನ್ನು ಎಣೆಯಿಲ್ಲದೆ ಬೆಳೆಸುವುದಿಲ್ಲ. ಲಸಿಕೆಯಾದರೋ ಗೊತ್ತಾದ ಒಂದು ರೋಗಾಣುವಿನ ಗುರುತನ್ನು ದೇಹಕ್ಕೆ ಕಲಿಸುತ್ತದೆ. ಇವೆರಡನ್ನೂ ಜನ್ಮಜಾತ ರಕ್ಷಣೆಯೊಡನೆ ಬೆರಸಿ ‘ಶಕ್ತಿ’ ಎಂಬ ಒಂದೇ ಹೆಸರಿನಿಂದ ಕರೆದುದೇ ಗೊಂದಲಕ್ಕೆ ಮೂಲ.

ಆದುದರಿಂದ ಪಾಠಪ್ರವಚನಗಳಲ್ಲಿ ‘ರೋಗನಿರೋಧ ವ್ಯವಸ್ಥೆ’ ಎಂಬ ಪ್ರಯೋಗವೇ ಮೇಲು. ವ್ಯವಸ್ಥೆಯನ್ನು ಯಾರೂ ‘ಹೆಚ್ಚಿಸಿ’ ಎನ್ನುವುದಿಲ್ಲ. ಅದು ಸಕಾಲದಲ್ಲಿ, ತಕ್ಕಷ್ಟು ನಡೆಯುತ್ತಿದೆಯೆ ಎಂದು ಕೇಳುತ್ತಾರೆ. ವಿದ್ಯಾರ್ಥಿಯು ಕೇಳಬೇಕಾದ ಪ್ರಶ್ನೆಯೂ ಅದೇ.