ಎರಡು ಗುಳ್ಳೆಗಳ ಆಚೆ

ನವಜಾತ ಶಿಶುವಿನ ಕರುಳಿನ ತಡೆಯನ್ನು ಕುರಿತ ಬರಹಗಳಲ್ಲಿ ಒಂದು ಎಕ್ಸ್-ಕಿರಣ ಚಿತ್ರವನ್ನು ನೀವು ನೋಡಿರಬಹುದು. ಹೊಟ್ಟೆಯ ಮೇಲ್ಭಾಗದಲ್ಲಿ ಎರಡು ಕಪ್ಪು ಗುಳ್ಳೆಗಳು. ಉಳಿದೆಡೆ ಗಾಳಿಯ ಸುಳಿವೇ ಇಲ್ಲ. ದೊಡ್ಡ ಗುಳ್ಳೆ ಜಠರ, ಚಿಕ್ಕದು ಡುಯೋಡಿನಮ್. ಅಲ್ಲಿಂದಾಚೆ ದಾರಿ ಮುಚ್ಚಿದೆ. ಭೌತವಿಜ್ಞಾನದ ಅಧ್ಯಾಪಕರಿಗೆ ಇದು ಒಳ್ಳೆಯ ಉದಾಹರಣೆ. ಗಾಳಿಯ ಸಾಂದ್ರತೆ ನೀರಿನ ಸಾಂದ್ರತೆಯ ಸುಮಾರು ಸಾವಿರದಲ್ಲೊಂದು ಭಾಗ. ಆದ್ದರಿಂದ ಅದು ಕಿರಣಗಳನ್ನು ಹೀರುವುದು ಅತ್ಯಲ್ಪ. ಮಗು ನುಂಗಿದ ಗಾಳಿಯೇ ತಡೆಯ ಜಾಗವನ್ನು ತೋರಿಸಿಕೊಡುತ್ತದೆ.

ನನ್ನ ಆಕ್ಷೇಪ ಈ ಚಿತ್ರದ ಬಗ್ಗೆ ಅಲ್ಲ, ಅದಕ್ಕೆ ಕೊಡುವ ಸ್ಥಾನದ ಬಗ್ಗೆ. ಇಂಥ ಬರಹ ಓದಿದವರು ‘ಚಿತ್ರದಲ್ಲಿ ಏನೂ ಕಾಣದಿದ್ದರೆ ತೊಂದರೆಯಿಲ್ಲ’ ಎಂದು ಭಾವಿಸುವ ಸಾಧ್ಯತೆ ಹೆಚ್ಚು. ಅತ್ಯಂತ ಅಪಾಯದ ಸ್ಥಿತಿಯಲ್ಲೇ ಈ ಭಾವನೆ ಕೈಕೊಡುತ್ತದೆ. ಭ್ರೂಣಾವಸ್ಥೆಯಲ್ಲಿ ಕರುಳು ಸರಿಯಾಗಿ ತಿರುಗಿ ನೆಲೆಗೊಳ್ಳದಿದ್ದರೆ, ಮುಂದೆ ಅದು ತನ್ನದೇ ರಕ್ತನಾಳಗಳ ಸುತ್ತ ಹುರಿಗೊಳ್ಳಬಹುದು. ಆಗಲೂ ಸಾಮಾನ್ಯ ಎಕ್ಸ್-ಕಿರಣ ಚಿತ್ರ ಸಹಜವಾಗಿಯೇ ಕಾಣಬಹುದು. ರಕ್ತ ನಿಂತ ಕರುಳಿಗಾದರೋ ಉಳಿದಿರುವುದು ಕೆಲವೇ ಗಂಟೆಗಳು.

ಹಾಗಾದರೆ ಮೊದಲ ಸುಳಿವು ಯಾವುದು? ವಾಂತಿಯ ಬಣ್ಣ. ಪಿತ್ತರಸ ಡುಯೋಡಿನಮ್ಮಿಗೆ ಬಂದು ಸೇರುತ್ತದೆ. ಅದರ ಕೆಳಗೆ ತಡೆಯಿದ್ದರೆ ವಾಂತಿ ಹಸಿರಾಗುತ್ತದೆ. ನವಜಾತ ಶಿಶುವಿನ ಹಸಿರು ವಾಂತಿಯನ್ನು, ಬೇರೆ ಕಾರಣ ಸಿದ್ಧವಾಗುವವರೆಗೆ, ಕರುಳಿನ ತಡೆಯೆಂದೇ ಪರಿಗಣಿಸಬೇಕು. ಹಾಲೂಡಿಸುವುದನ್ನು ನಿಲ್ಲಿಸಿ, ನಳಿಕೆಯಿಂದ ಜಠರವನ್ನು ಬರಿದು ಮಾಡಿ, ರಕ್ತನಾಳದ ಮೂಲಕ ದ್ರವ ಕೊಟ್ಟು, ಮಗುವನ್ನು ಬೆಚ್ಚಗಿರಿಸಿ ಮಕ್ಕಳ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಕೂಡಲೇ ಸಾಗಿಸಬೇಕು. ಕಿರಣ ಹೀರುವ ದ್ರವವನ್ನು ಜಠರಕ್ಕೆ ಕೊಟ್ಟು ತೆಗೆಯುವ ಚಿತ್ರ ಕರುಳಿನ ತಿರುವನ್ನು ತೋರಿಸಬಲ್ಲದು. ಮಗುವಿನ ಸ್ಥಿತಿ ಕುಸಿಯುತ್ತಿದ್ದರೆ ಅದಕ್ಕೂ ಕಾಯದೆ ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ. ವಾಂತಿ ಹಸಿರಾಗಿಲ್ಲ ಎಂದ ಮಾತ್ರಕ್ಕೆ ತಡೆಯಿಲ್ಲ ಎಂದೂ ಅಲ್ಲ. ತಡೆ ಪಿತ್ತನಾಳಕ್ಕಿಂತ ಮೇಲಿರಬಹುದು.

ಕಣ್ಣಿಗೆ ಕಂಡದ್ದನ್ನೇ ನಂಬಿ ಶಸ್ತ್ರವೈದ್ಯರೂ ಎಡವಿದ್ದುಂಟು. 1886ರಲ್ಲಿ ಡೆನ್ಮಾರ್ಕಿನ ಹರಾಲ್ಡ್ ಹಿರ್ಷ್‌ಸ್ಪ್ರುಂಗ್ ವಿವರಿಸಿದ ರೋಗದಲ್ಲಿ ದೊಡ್ಡ ಕರುಳು ವಿಪರೀತ ಹಿಗ್ಗಿರುತ್ತದೆ. ಹಿಗ್ಗಿದ ಭಾಗವೇ ರೋಗಗ್ರಸ್ತವೆಂದು ಬಹುಕಾಲ ನಂಬಲಾಗಿತ್ತು. ನಿಜವಾದ ದೋಷವಿದ್ದುದು ಅದರ ಕೆಳಗಿನ, ನರಕೋಶಗಳಿಲ್ಲದ ಕಿರಿದಾದ ಭಾಗದಲ್ಲಿ. ಆ ಭಾಗವನ್ನು ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಸ್ವೆನ್ಸನ್ ಮತ್ತು ಬಿಲ್ 1948ರಲ್ಲಿ ಪ್ರಕಟಿಸಿದರು. ಈ ರೋಗಕ್ಕೂ ಸರಳ ಸುಳಿವೊಂದಿದೆ: ದಿನ ತುಂಬಿ ಹುಟ್ಟಿದ ಮಗು 48 ಗಂಟೆಗಳಾದರೂ ಮೊದಲ ಕಪ್ಪು ಮಲ ವಿಸರ್ಜಿಸದಿರುವುದು.

ಅಧ್ಯಾಪಕರೇ, ಎಕ್ಸ್-ಕಿರಣದ ಪಾಠದಲ್ಲಿ ಆ ಎರಡು ಗುಳ್ಳೆಗಳನ್ನು ಅವಶ್ಯ ತೋರಿಸಿ. ಜೊತೆಗೆ, ಉಪಕರಣ ಏನನ್ನು ತೋರಿಸಲಾರದು ಎಂಬುದನ್ನೂ ಹೇಳಿ. ನಿಮ್ಮ ವಿದ್ಯಾರ್ಥಿಗಳು ಮುಂದೆ ತಂದೆ ತಾಯಿಯರಾಗುತ್ತಾರೆ. ಹಸಿರು ಬಣ್ಣದ ಅರ್ಥ ಅವರಿಗೆ ಗೊತ್ತಿದ್ದರೆ ಒಂದು ಮಗುವಿಗೆ ಆ ಕೆಲವು ಗಂಟೆಗಳು ದಕ್ಕುತ್ತವೆ.